ವಯಸ್ಸನ್ನು ಮುಚ್ಚಿಡದ ಚೆಲುವೆ

ತಲೆ ಬಾಚುವಾಗ ಮೊದಲ ಬಿಳಿಕೂದಲು ಕಣ್ಣಿಗೆ ಬಿದ್ದ ದಿನ ನೆನಪಿದೆಯಾ? ಯಾರಿಗೂ ಕಾಣದ ಹಾಗೆ ಕಿತ್ತು ಬಿಸಾಡಿರುತ್ತೀರಿ. ಆಮೇಲೆ ಎರಡಾಯಿತು, ಹತ್ತಾಯಿತು. ಗೋರಂಟಿಯೋ ಡೈಯೋ ಅನ್ನೋ ಲೆಕ್ಕಾಚಾರ ಶುರುವಾಯಿತು. ತಪ್ಪೇನಿಲ್ಲ ಬಿಡಿ. ಚೆನ್ನಾಗಿ ಕಾಣಬೇಕು ಅನ್ನೋ ಆಸೆ ಯಾರಿಗೆ ಇರೋದಿಲ್ಲ?

ಮನೆಮಂದಿ, ನೆಂಟರಿಷ್ಟರು ನೋಡುವ ಮುಖಕ್ಕೇ ನಮಗೆ ಇಷ್ಟು ಚಿಂತೆ. ಇನ್ನು ಮುಖವನ್ನೇ ನಂಬಿ ಬದುಕುವ ಸಿನಿಮಾ ನಟಿಯರ ಪಾಡು ಹೇಗಿರಬೇಡ? ಮೂವತ್ತೈದು ದಾಟಿದರೆ ನಾಯಕಿಯ ಪಾತ್ರ ಇಲ್ಲ, ಅತ್ತಿಗೆ ಇಲ್ಲವೇ ಅಮ್ಮನ ಪಾತ್ರವೇ ಗತಿ. ಅದಕ್ಕೇ ಎಷ್ಟೋ ಜನ ವಯಸ್ಸು ಮುಚ್ಚಿಡುತ್ತಾರೆ, ಮುಖಕ್ಕೆ ಕತ್ತರಿ ಹಾಕಿಸಿಕೊಳ್ಳುತ್ತಾರೆ, ಇಲ್ಲವೇ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ.

ಆದರೆ ಫ್ರಾನ್ಸಿನಲ್ಲಿ ಒಬ್ಬ ನಟಿ ಇದ್ದಳು. ಮೂವತ್ತರ ಹೊತ್ತಿಗೆ ದೇಶದ ಸುಂದರಿಯರ ಸಾಲಿನಲ್ಲಿ ನಿಂತವಳು. ನಲವತ್ತೈದಕ್ಕೆ ಕಣ್ಣಿನ ಕೆಳಗೆ ಚೀಲ ಬಂತು, ಮೈ ದಪ್ಪವಾಯಿತು, ಮುಖದ ತುಂಬ ಗೆರೆ ಮೂಡಿತು. ಆಕೆ ಒಂದನ್ನೂ ಮುಚ್ಚಿಡಲಿಲ್ಲ. ಅದೇ ಮುಖ ಹೊತ್ತು ಕ್ಯಾಮೆರಾ ಮುಂದೆ ನಿಂತಳು, ಮತ್ತಷ್ಟು ಪ್ರಶಸ್ತಿ ತಂದಳು. ಆಕೆಯೇ ಸಿಮೋನ್ ಸಿನ್ಯೋರೆ.

ಮನೆಯ ಭಾರ ಮಗಳ ಹೆಗಲಿಗೆ

ಸಿಮೋನ್ ಹುಟ್ಟಿದ್ದು 1921ರ ಮಾರ್ಚ್ 25ರಂದು, ಜರ್ಮನಿಯ ವೀಸ್‌ಬಾಡೆನ್ ಊರಿನಲ್ಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೇನೆಯಲ್ಲಿ ತಂದೆ ಆಂದ್ರೆ ಕಾಮಿಂಕರ್ ಕೆಲಸದಲ್ಲಿದ್ದರು. ಪೋಲೆಂಡ್ ಮೂಲದ ಯಹೂದಿ ಮನೆತನ. ತಾಯಿ ಜಾರ್ಜೆಟ್ ಸಿನ್ಯೋರೆ ಫ್ರಾನ್ಸಿನ ಕ್ಯಾಥೊಲಿಕ್ ಮನೆಯವರು. ಸಿಮೋನ್ ದೊಡ್ಡ ಮಗಳು, ಬೆನ್ನಿಗೆ ಇಬ್ಬರು ತಮ್ಮಂದಿರು. ಬೆಳೆದದ್ದು ಪ್ಯಾರಿಸ್ ಪಕ್ಕದ ನ್ಯೂಯಿಯಲ್ಲಿ.

ಅಪ್ಪನಿಗೆ ಹಲವು ಭಾಷೆ ಬರುತ್ತಿತ್ತು. ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಾ ಹೋಗುವ ವಿದ್ಯೆಯಲ್ಲಿ ಅವರದು ಎತ್ತಿದ ಕೈ. ಮಗಳಿಗೂ ಇಂಗ್ಲಿಷ್ ಚೆನ್ನಾಗಿ ಬಂತು. ಮುಂದೆ ಆಕೆಯ ಕೈ ಹಿಡಿದದ್ದೂ ಆ ಇಂಗ್ಲಿಷೇ.

1940ರಲ್ಲಿ ಹಿಟ್ಲರನ ಸೇನೆ ಪ್ಯಾರಿಸ್ಸಿಗೆ ನುಗ್ಗಿತು. ಅಪ್ಪ ಲಂಡನ್ನಿಗೆ ಹೋಗಿ ದ ಗಾಲ್ ಅವರ ಸ್ವತಂತ್ರ ಫ್ರಾನ್ಸ್ ಪಡೆ ಸೇರಿದರು. ಮನೆಯಲ್ಲಿ ಉಳಿದದ್ದು ಅಮ್ಮ, ಇಬ್ಬರು ತಮ್ಮಂದಿರು ಮತ್ತು ಹತ್ತೊಂಬತ್ತರ ಸಿಮೋನ್. ದುಡಿಯುವ ಕೈ ಒಂದೇ. ಇಂಗ್ಲಿಷ್, ಲ್ಯಾಟಿನ್ ಮನೆಪಾಠ ಹೇಳಿದಳು. ಪತ್ರಿಕೆಯೊಂದರಲ್ಲಿ ಟೈಪಿಸ್ಟ್ ಕೆಲಸಕ್ಕೂ ಸೇರಿದಳು. ಆದರೆ ಆ ಪತ್ರಿಕೆ ಜರ್ಮನ್ನರ ಪರ ನಿಂತಿತ್ತು. ಅಪ್ಪ ಅತ್ತ ಜರ್ಮನ್ನರ ವಿರುದ್ಧ, ಮಗಳ ಸಂಬಳ ಇತ್ತ ಜರ್ಮನ್ನರ ಪರವಾದವರಿಂದ! ಈ ಇಕ್ಕಟ್ಟು ಬಹಳ ದಿನ ನಡೆಯಲಿಲ್ಲ. 1941ರಲ್ಲಿ ಕೆಲಸ ಬಿಟ್ಟಳು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ, ನಟಿಯಾಗುವ ಆಸೆ ಮಾತ್ರ ಇತ್ತು.

ಪ್ಯಾರಿಸ್ಸಿನ ಕಫೆ ದ ಫ್ಲೋರ್ ಅನ್ನೋ ಕಾಫಿ ಅಂಗಡಿ ಆಗ ಕವಿಗಳು, ಚಿತ್ರಕಾರರು, ನಟರು ಸೇರುವ ಜಾಗ. ಅಲ್ಲಿ ಸ್ನೇಹಿತರು ಸಿಕ್ಕರು. ಅವರ ಮೂಲಕ ಸಿನಿಮಾದಲ್ಲಿ ಗುಂಪಿನಲ್ಲಿ ನಿಲ್ಲುವ ಪಾತ್ರಗಳು ಸಿಕ್ಕವು. ಆದರೆ ದೊಡ್ಡ ಪಾತ್ರ ಮಾಡಲು ಪರವಾನಗಿ ಬೇಕು, ಅದಕ್ಕೆ ಯಹೂದಿ ಅಲ್ಲ ಅನ್ನೋ ದಾಖಲೆ ಬೇಕು. ಎಲ್ಲಿಂದ ತರುವುದು? ಅಪ್ಪನ ಹೆಸರನ್ನು ಹಿಂದಕ್ಕಿಟ್ಟು ಅಮ್ಮನ ತವರಿನ ಹೆಸರು ಹಚ್ಚಿಕೊಂಡಳು. ಸಿಮೋನ್ ಕಾಮಿಂಕರ್ ಹೋಗಿ ಸಿಮೋನ್ ಸಿನ್ಯೋರೆ ಆದದ್ದು ಹೀಗೆ. ಜೀವ ಉಳಿಸಿಕೊಳ್ಳಲು ಹೊದ್ದ ಹೆಸರೇ ಮುಂದೆ ಜಗತ್ತಿಗೆ ಗೊತ್ತಾಯಿತು.

ಮದುವೆ, ಮಗಳು, ಮತ್ತೊಂದು ಮದುವೆ

ಯುದ್ಧದ ಕಾಲದಲ್ಲೇ ನಿರ್ದೇಶಕ ಈವ್ ಅಲೆಗ್ರೆ ಪರಿಚಯವಾದ. 1946ರಲ್ಲಿ ಮಗಳು ಕ್ಯಾಥರೀನ್ ಹುಟ್ಟಿದಳು, 1948ರಲ್ಲಿ ಮದುವೆಯಾಯಿತು. ಆತನ ಸಿನಿಮಾಗಳಲ್ಲಿ ನಟಿಸಿದಳು. 1948ರ 'ದೆದೆ ದಾಂವೆರ್'ನಲ್ಲಿ ಬಂದರು ಊರಿನ ವೇಶ್ಯೆಯ ಪಾತ್ರ ಮಾಡಿ ಹೆಸರು ಗಳಿಸಿದಳು.

1949ರ ಆಗಸ್ಟ್. ದಕ್ಷಿಣ ಫ್ರಾನ್ಸಿನ ಸೇಂಟ್ ಪೋಲ್ ದ ವಾನ್ಸ್ ಅನ್ನೋ ಗುಡ್ಡದ ಮೇಲಿನ ಹಳ್ಳಿಯಲ್ಲಿ 'ಕೊಲಂಬ್ ದೋರ್' ಎಂಬ ಹೋಟೆಲು. ಅಲ್ಲಿ ಸಿಕ್ಕವನು ಗಾಯಕ ಈವ್ ಮೊಂತಾನ್. ಇಟಲಿಯಲ್ಲಿ ಹುಟ್ಟಿ, ಮಾರ್ಸೇ ಬಂದರಿನ ಬಡ ಬೀದಿಯಲ್ಲಿ ಬೆಳೆದ ಹುಡುಗ. ಎದಿತ್ ಪಿಯಾಫ್ ಕೈ ಹಿಡಿದು ಮೇಲೆ ತಂದವನು. ಸಿಮೋನ್ ಹಿಂದೆಮುಂದೆ ನೋಡಲಿಲ್ಲ. ಮೊದಲ ಮದುವೆ ಮುರಿಯಿತು, 1951ರ ಡಿಸೆಂಬರ್‌ನಲ್ಲಿ ಅದೇ ಹಳ್ಳಿಯಲ್ಲಿ ಮೊಂತಾನ್ ಜೊತೆ ಮದುವೆಯಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಹೊಸ ಪ್ರೀತಿಯ ಅಮಲಿನಲ್ಲಿ ಸಿಮೋನ್ ತನ್ನ ಕೆಲಸವನ್ನೇ ಮೂಲೆಗಿಟ್ಟಳು. ಗಂಡ ಹಾಡಲು ಊರೂರು ತಿರುಗಿದರೆ ಆಕೆಯೂ ಜೊತೆಗೆ. ವೇದಿಕೆ ಪಕ್ಕದಲ್ಲಿ ನಿಂತು ಹಾಡು ಕೇಳುವುದೇ ದೊಡ್ಡ ಸುಖ ಅಂದುಕೊಂಡಳು. ಜಾಕ್ ಬೆಕೆರ್ ಎಂಬ ನಿರ್ದೇಶಕ 'ಕಾಸ್ಕ್ ದೋರ್' ಸಿನಿಮಾಗೆ ಕರೆದಾಗಲೂ ಗಂಡನನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಬೇರೆ ಯಾರನ್ನಾದರೂ ಹಾಕಿಕೊಳ್ಳುತ್ತಾರೆ ಅಂತ ಗೊತ್ತಾದಾಗಲೇ ಎಚ್ಚರ! ಹೋಗಿ ನಟಿಸಿದಳು.

1952ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ಆಕೆಯ ಹೊಂಬಣ್ಣದ ಕೂದಲು ಕಿರೀಟದಂತೆ ಎತ್ತಿ ಕಟ್ಟಿದೆ. ಕಥೆ ಇಪ್ಪತ್ತನೇ ಶತಮಾನದ ಆರಂಭದ ಪ್ಯಾರಿಸ್ಸಿನ ಪುಂಡರ ಲೋಕದ್ದು. ಕೊನೆಯಲ್ಲಿ ಪ್ರಿಯಕರನ ತಲೆ ಕಡಿಯುವುದನ್ನು ಆಕೆ ಕಿಟಕಿಯಿಂದ ನೋಡುತ್ತಾಳೆ. ಫ್ರಾನ್ಸಿನಲ್ಲಿ ಮೊದಲಿಗೆ ಜನ ಕೈಹಿಡಿಯಲಿಲ್ಲ. ಬ್ರಿಟನ್ನಿನವರು ಮಾತ್ರ ಮೆಚ್ಚಿ ಬ್ರಿಟಿಷ್ ಅಕಾಡೆಮಿ ಪ್ರಶಸ್ತಿ ಕೊಟ್ಟರು. ಈಗ ಅದು ಫ್ರೆಂಚ್ ಸಿನಿಮಾದ ಶ್ರೇಷ್ಠ ಚಿತ್ರಗಳಲ್ಲಿ ಒಂದು. ಅಂದು ಗಂಡನ ಸೂಟ್‌ಕೇಸ್ ಹಿಡಿದುಕೊಂಡೇ ಇದ್ದಿದ್ದರೆ?

1955ರಲ್ಲಿ ಕ್ಲೂಜೋ ಅವರ 'ಲೆ ದಿಯಾಬೊಲೀಕ್' ಬಂತು. ಕ್ರೂರಿ ಹೆಡ್‌ಮಾಸ್ಟರ್, ಅವನ ಹೆಂಡತಿ ಮತ್ತು ಪ್ರೇಯಸಿ ಸೇರಿ ಅವನನ್ನೇ ಮುಗಿಸುವ ಕಥೆ. ಪ್ರೇಯಸಿಯಾಗಿ ಸಿಮೋನ್. ಮೈ ಜುಮ್ಮೆನ್ನಿಸುವ ಚಿತ್ರ, ರಾತ್ರಿ ಒಬ್ಬರೇ ಕೂತು ನೋಡಬೇಡಿ! ಆರ್ಥರ್ ಮಿಲ್ಲರ್ ಅವರ 'ದಿ ಕ್ರೂಸಿಬಲ್' ನಾಟಕವನ್ನು ಗಂಡ ಹೆಂಡತಿ ಪ್ಯಾರಿಸ್ಸಿನ ರಂಗದಲ್ಲಿ ಆಡಿದರು. 1957ರಲ್ಲಿ ಅದೇ ಸಿನಿಮಾ ಆಯಿತು, ಆಕೆಗೆ ಮತ್ತೊಂದು ಬ್ರಿಟಿಷ್ ಪ್ರಶಸ್ತಿ ಬಂತು.

ನಲವತ್ತರ ಹೊಸ್ತಿಲಲ್ಲಿ ಆಸ್ಕರ್

ಇಷ್ಟಾದರೂ 1950ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಆಕೆಗೆ ಪಾತ್ರಗಳು ಕಡಿಮೆಯಾದವು. ಹೊಸ ಹುಡುಗಿಯರು ಬಂದಿದ್ದರು. ಆಗ ಕೈ ಹಿಡಿದದ್ದೇ ಇಂಗ್ಲಿಷ್. ಜಾಕ್ ಕ್ಲೇಟನ್ ಎಂಬ ಬ್ರಿಟಿಷ್ ನಿರ್ದೇಶಕ 'ರೂಮ್ ಅಟ್ ದಿ ಟಾಪ್' ಚಿತ್ರಕ್ಕೆ ಕರೆದ.

ಪಾತ್ರದ ಹೆಸರು ಆಲಿಸ್. ಸುಖವಿಲ್ಲದ ಮದುವೆಯಲ್ಲಿ ಸಿಕ್ಕಿಕೊಂಡ, ಪ್ರಾಯ ಸರಿಯುತ್ತಿರುವ ಹೆಣ್ಣು. ತನಗಿಂತ ಚಿಕ್ಕವನೊಬ್ಬನನ್ನು ನಂಬಿ ಪ್ರೀತಿಸುತ್ತಾಳೆ. ಅವನಿಗೋ ಮೇಲೇರುವ ಹಂಬಲ, ಕಾರ್ಖಾನೆ ಮಾಲೀಕನ ಮಗಳನ್ನು ಮದುವೆಯಾಗಲು ಒಪ್ಪುತ್ತಾನೆ. ಕೈಬಿಟ್ಟ ಆ ರಾತ್ರಿ ಆಲಿಸ್ ಕಾರು ಅಪಘಾತದಲ್ಲಿ ಸಾಯುತ್ತಾಳೆ. ಕಥೆ ಕೇಳಿದರೆ ಮಾಮೂಲಿ ಅನ್ನಿಸಬಹುದು. ಸಿಮೋನ್ ಮುಖ ನೋಡಿದರೆ ಹಾಗನ್ನಿಸುವುದಿಲ್ಲ. ಈ ಹೆಣ್ಣಿಗೆ ನಾಚಿಕೆ ಇಲ್ಲ, ಅಳುಬುರುಕುತನ ಇಲ್ಲ, ಪ್ರೀತಿ ಮಾತ್ರ ಇದೆ.

1959ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ. 1960ರ ಏಪ್ರಿಲ್ 4ರಂದು ಆಸ್ಕರ್! ಅಂದು ಸ್ಪರ್ಧೆಯಲ್ಲಿ ಇದ್ದವರು ಯಾರು ಗೊತ್ತಾ? ಆಡ್ರೆ ಹೆಪ್‌ಬರ್ನ್, ಕ್ಯಾಥರೀನ್ ಹೆಪ್‌ಬರ್ನ್, ಎಲಿಜಬೆತ್ ಟೇಲರ್, ಡೋರಿಸ್ ಡೇ. ಇವರೆಲ್ಲರನ್ನೂ ದಾಟಿ ಗೆದ್ದ ಸಿಮೋನ್‌ಗೆ ಮೂವತ್ತೊಂಬತ್ತು ತುಂಬಿ ಹತ್ತೇ ದಿನ. ಅದಕ್ಕಿಂತ ದೊಡ್ಡ ಆಶ್ಚರ್ಯ ಇನ್ನೊಂದಿದೆ. ಎಡಪಂಥೀಯರ ಜೊತೆ ಗುರುತಿಸಿಕೊಂಡು, ಅಣ್ವಸ್ತ್ರದ ವಿರುದ್ಧದ ಮನವಿಗೆ ಸಹಿ ಹಾಕಿದ್ದಕ್ಕೆ ಈ ದಂಪತಿಗೆ ಅಮೆರಿಕದ ವೀಸಾ ಸಿಕ್ಕಿದ್ದೇ 1959ರಲ್ಲಿ!

ಪಕ್ಕದ ಮನೆಯ ಮರ್ಲಿನ್

ಇನ್ನು ಎಲ್ಲರೂ ಕಿವಿ ನಿಮಿರಿಸುವ ಅಧ್ಯಾಯ. 1960ರ ಆರಂಭದಲ್ಲಿ ಮೊಂತಾನ್ ಹಾಲಿವುಡ್‌ನಲ್ಲಿ 'ಲೆಟ್ಸ್ ಮೇಕ್ ಲವ್' ಚಿತ್ರದಲ್ಲಿ ನಟಿಸುತ್ತಿದ್ದ. ನಾಯಕಿ ಮರ್ಲಿನ್ ಮನ್ರೋ. ಆಕೆಯ ಗಂಡ ಅದೇ ಆರ್ಥರ್ ಮಿಲ್ಲರ್. ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಎರಡು ಜೋಡಿಗೂ ಅಕ್ಕಪಕ್ಕದ ಬಂಗಲೆ. ಒಟ್ಟಿಗೆ ಊಟ, ಹರಟೆ. ಹಿಂದಿನ ಕಾಲದ ತಾರೆ ಜೀನ್ ಹಾರ್ಲೋಗೆ ಬಣ್ಣ ಹಚ್ಚುತ್ತಿದ್ದ ಮುದುಕಿಯೊಬ್ಬಳು ಶನಿವಾರ ಬಂದು ಮರ್ಲಿನ್ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳಂತೆ. ಪಕ್ಕದಲ್ಲೇ ಕೂತು ಸಿಮೋನ್ ಕೂಡ ಹಚ್ಚಿಸಿಕೊಳ್ಳುತ್ತಿದ್ದಳಂತೆ. ನಮ್ಮ ನೆರೆಹೊರೆಯ ಗೆಳತಿಯರ ಹಾಗೇ!

ಆಸ್ಕರ್ ಬಂದ ಮೇಲೆ ಸಿಮೋನ್ ಚಿತ್ರೀಕರಣಕ್ಕೆಂದು ಇಟಲಿಗೆ ಹೊರಟಳು. ಮಿಲ್ಲರ್ ಕೂಡ ಕೆಲಸದ ಮೇಲೆ ಊರಲ್ಲಿರಲಿಲ್ಲ. ಮೊಂತಾನ್–ಮರ್ಲಿನ್ ನಡುವೆ ಸಂಬಂಧ ಬೆಳೆಯಿತು. ಜಗತ್ತಿನ ಪತ್ರಿಕೆಗಳಿಗೆಲ್ಲ ಹಬ್ಬ. ಸಿಮೋನ್ ಬಾಗಿಲಲ್ಲೂ ಕ್ಯಾಮೆರಾ ಹಿಡಿದವರ ಜಾತ್ರೆ.

ಊರ ಬಾಯಿ ಮುಚ್ಚಿಸೋಕಾಗುತ್ತಾ? ಸಿಮೋನ್ ಪ್ರಯತ್ನವನ್ನೂ ಮಾಡಲಿಲ್ಲ. ಬೀದಿಯಲ್ಲಿ ನಿಂತು ಅಳಲಿಲ್ಲ, ಇನ್ನೊಬ್ಬಳನ್ನು ಬಯ್ಯಲಿಲ್ಲ, ಗಂಡನನ್ನು ಬಿಡಲೂ ಇಲ್ಲ. ಮೊಂತಾನ್ ಪ್ಯಾರಿಸ್ಸಿಗೆ ವಾಪಸಾದ. ಸಂಸಾರ ಮುಂದುವರಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1962ರ ಆಗಸ್ಟ್‌ನಲ್ಲಿ, ಮರ್ಲಿನ್ ತೀರಿಕೊಂಡಳು. ಮುಂದೆ ತನ್ನ ನೆನಪುಗಳನ್ನು ಬರೆದಾಗ ಸಿಮೋನ್ ಆಕೆಯ ಬಗ್ಗೆ ಅಕ್ಕರೆಯಿಂದಲೇ ಬರೆದಳು. ತನಗೆ ಆಕೆಯ ಮೇಲೆ ದ್ವೇಷವಿರಲಿಲ್ಲ ಅನ್ನೋದು ಆಕೆಗೆ ತಿಳಿಯದೇ ಹೋಯಿತಲ್ಲ ಅನ್ನೋ ಕೊರಗು ಆ ಪುಟಗಳಲ್ಲಿದೆ.

ಎಂಥ ದೊಡ್ಡ ಮನಸ್ಸು ಅಂತೀರಾ? ನಿಜ. ಆದರೆ ಅದರ ಬೆಲೆಯನ್ನೂ ನೋಡಿ. ಮೊಂತಾನ್‌ನ ಸಂಬಂಧಗಳು ಅಲ್ಲಿಗೇ ನಿಲ್ಲಲಿಲ್ಲ. ಸಿಮೋನ್ ಕುಡಿತ, ಸಿಗರೇಟು ಎರಡೂ ವಿಪರೀತವಾದವು. ನುಂಗಿದ ನೋವು ಎಲ್ಲಿಗೂ ಹೋಗುವುದಿಲ್ಲ, ಮೈಯಲ್ಲೇ ಕೂರುತ್ತದೆ. ಇನ್ನೊಂದು ಮಾತು. ಇಬ್ಬರೂ ಇಲ್ಲವಾದ ಮೇಲೆ, 2004ರಲ್ಲಿ, ಮಗಳು ಕ್ಯಾಥರೀನ್ ಬರೆದ ಪುಸ್ತಕದಲ್ಲಿ ಮಲತಂದೆ ತನ್ನೊಡನೆ ಚಿಕ್ಕಂದಿನಿಂದ ಕೆಟ್ಟದಾಗಿ ನಡೆದುಕೊಂಡಿದ್ದ ಎಂಬ ಗಂಭೀರ ಆರೋಪ ಮಾಡಿದಳು. ಯಾವ ಸಂಸಾರವನ್ನೂ ಹೊರಗಿನಿಂದ ನೋಡಿ ಆದರ್ಶ ಅಂತ ಪಟ್ಟ ಕಟ್ಟಬಾರದು ಅನ್ನೋದಕ್ಕೆ ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

ಗೆರೆ ಬಿದ್ದ ಮುಖಕ್ಕೆ ಹೊಸ ಪಾತ್ರ

ಆ ಸಂಕಟದ ವರ್ಷದಲ್ಲೂ ಸಿಮೋನ್ ಬಾಗಿಲು ಹಾಕಿಕೊಂಡು ಕೂರಲಿಲ್ಲ. 1960ರ ಸೆಪ್ಟೆಂಬರ್‌ನಲ್ಲಿ ಅಲ್ಜೀರಿಯಾ ಯುದ್ಧವನ್ನು ವಿರೋಧಿಸಿದ 121 ಬುದ್ಧಿಜೀವಿಗಳ ಹೇಳಿಕೆಗೆ ಸಹಿ ಹಾಕಿದಳು. ಪರಿಣಾಮ? ಸರ್ಕಾರಿ ರೇಡಿಯೋ, ಟಿವಿಯಲ್ಲಿ ಸಹಿದಾರರಿಗೆ ನಿರ್ಬಂಧ. ಆಕೆ ಸಹಿ ಹಿಂತೆಗೆದುಕೊಳ್ಳಲಿಲ್ಲ.

1965ರಲ್ಲಿ 'ಶಿಪ್ ಆಫ್ ಫೂಲ್ಸ್' ಚಿತ್ರಕ್ಕೆ ಮತ್ತೆ ಆಸ್ಕರ್ ನಾಮನಿರ್ದೇಶನ. 1966ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಅಲೆಕ್ ಗಿನ್ನೆಸ್ ಜೊತೆ ಲೇಡಿ ಮ್ಯಾಕ್‌ಬೆತ್ ಆಗಿ ನಿಂತಳು. ಉಚ್ಚಾರಣೆ ಸರಿಯಿಲ್ಲ ಅಂತ ವಿಮರ್ಶಕರು ಜಾಡಿಸಿದರು. ಸೋಲು ಸೋಲೇ. ಹಾಗಂತ ಕೈಚೆಲ್ಲಲಿಲ್ಲ.

1969ರ 'ಆರ್ಮಿ ಆಫ್ ಶಾಡೋಸ್'ನಲ್ಲಿ ಹಿಟ್ಲರನ ಸೇನೆಯ ವಿರುದ್ಧ ಗುಟ್ಟಾಗಿ ಹೋರಾಡುವ ಮಥಿಲ್ಡ್ ಆದಳು. ನೋಡಿದರೆ ತರಕಾರಿ ಚೀಲ ಹಿಡಿದು ಹೊರಟ ಗೃಹಿಣಿ, ಒಳಗೆ ಉಕ್ಕು. ಪರ್ಸಿನಲ್ಲಿಟ್ಟುಕೊಂಡ ಮಗಳ ಫೋಟೋ ಒಂದೇ ಆಕೆಯ ದೌರ್ಬಲ್ಯ, ಅದೇ ಕೊನೆಗೆ ಆಕೆಗೆ ಮುಳುವಾಗುತ್ತದೆ. ಇಂಥ ಪಾತ್ರವನ್ನು ಇಪ್ಪತ್ತರ ಹುಡುಗಿ ಮಾಡೋಕಾಗುತ್ತಾ?

1971ರಲ್ಲಿ 'ಲೆ ಶಾ', ಅಂದರೆ 'ಬೆಕ್ಕು'. ಐವತ್ತರ ಸಿಮೋನ್ ಜೊತೆಗೆ ಅರವತ್ತೇಳರ ಜಾಂ ಗಾಬ್ಯಾಂ. ಸುತ್ತಲ ಮನೆಗಳನ್ನೆಲ್ಲ ಕೆಡವುತ್ತಿರುವ ಬಡಾವಣೆಯಲ್ಲಿ ಉಳಿದ ಹಳೇ ಮನೆ, ಅದರೊಳಗೆ ಪ್ರೀತಿ ಬತ್ತಿಹೋದ ಗಂಡ ಹೆಂಡತಿ. ಗಂಡನಿಗೆ ಬೆಕ್ಕಿನ ಮೇಲಷ್ಟೇ ಪ್ರೀತಿ. ಹೊಟ್ಟೆಕಿಚ್ಚಿಗೆ ಹೆಂಡತಿ ಬೆಕ್ಕನ್ನೇ ಕೊಲ್ಲುತ್ತಾಳೆ. ಅಲ್ಲಿಂದ ಮಾತೇ ಬಂದ್, ಏನು ಹೇಳಬೇಕಿದ್ದರೂ ಚೀಟಿ! ಒಂದೇ ಸೂರಿನಡಿ ಇದ್ದು ಮಾತು ಬಿಟ್ಟ ಮನೆಗಳನ್ನು ನಾವೂ ಕಂಡಿಲ್ಲವೇ? ಬರ್ಲಿನ್ ಚಿತ್ರೋತ್ಸವ ಇಬ್ಬರಿಗೂ ಬೆಳ್ಳಿ ಕರಡಿ ಪ್ರಶಸ್ತಿ ಕೊಟ್ಟಿತು.

1977ರಲ್ಲಿ ಬಂದದ್ದು 'ಮದಾಮ್ ರೋಸಾ'. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ಯಹೂದಿ ಮುದುಕಿ, ಒಂದು ಕಾಲದಲ್ಲಿ ಬೀದಿಯಲ್ಲಿ ನಿಂತವಳು. ಈಗ ಬೇರೆ ವೇಶ್ಯೆಯರ ಮಕ್ಕಳನ್ನು ಸಾಕುತ್ತಾಳೆ. ಉಸಿರು ಕಟ್ಟುತ್ತಾ ಮಹಡಿ ಹತ್ತುವ ಆ ಭಾರದ ಮೈ, ಆಕೆಯನ್ನು ಕೊನೆತನಕ ನೋಡಿಕೊಳ್ಳುವ ಅರಬ್ ಹುಡುಗ ಮೋಮೋ. ಚಿತ್ರಕ್ಕೆ ವಿದೇಶಿ ಭಾಷೆಯ ಆಸ್ಕರ್, ಸಿಮೋನ್‌ಗೆ ಫ್ರಾನ್ಸಿನ ಸೀಸರ್ ಪ್ರಶಸ್ತಿ ಸಿಕ್ಕವು. ಒಂದು ಕಾಲದಲ್ಲಿ ಯಹೂದಿ ಹೆಸರು ಮುಚ್ಚಿಟ್ಟು ಬದುಕಿದ್ದ ಹುಡುಗಿ ಐವತ್ತಾರರಲ್ಲಿ ಯಹೂದಿ ಅಜ್ಜಿಯಾಗಿ ದೇಶದ ಮನ ಗೆದ್ದಳು.

ಪೆನ್ನು ಹಿಡಿದ ಕೈ

ಸಿಮೋನ್‌ಗೆ ಇನ್ನೊಂದು ಬದುಕೂ ಇತ್ತು. 1976ರಲ್ಲಿ ತನ್ನ ನೆನಪುಗಳ ಪುಸ್ತಕ ಹೊರತಂದಳು. ಬಿಸಿ ದೋಸೆಯಂತೆ ಖರ್ಚಾಯಿತು. ನಟಿ ತಾನೇ ಬರೆದಿರಲಿಕ್ಕಿಲ್ಲ ಅಂತ ಮೂಗು ಮುರಿದವರೂ ಇದ್ದರು. 1979ರಲ್ಲಿ ಇನ್ನೊಂದು ಪುಸ್ತಕ ಬರೆದಳು. 1985ರಲ್ಲಿ, ಅರವತ್ತಮೂರನೇ ವಯಸ್ಸಿನಲ್ಲಿ, 'ಅದ್ಯೂ ವೊಲೋದ್ಯಾ' ಅನ್ನೋ ದೊಡ್ಡ ಕಾದಂಬರಿ ಹೊರಬಂತು. ಪೋಲೆಂಡ್, ಉಕ್ರೇನ್‌ನಿಂದ ಪ್ಯಾರಿಸ್ಸಿಗೆ ವಲಸೆ ಬಂದ ಯಹೂದಿ ಕುಟುಂಬಗಳ ಕಥೆ, ಹೆಚ್ಚುಕಡಿಮೆ ಅಪ್ಪನ ಕಡೆಯವರ ಲೋಕ. ಅದೂ ಜನಪ್ರಿಯವಾಯಿತು. ಆ ಹೊತ್ತಿಗೆ ಆಕೆಯ ಕಣ್ಣು ಬಹಳ ಮಂದವಾಗಿತ್ತು.

ಅದೇ ವರ್ಷ ಸೆಪ್ಟೆಂಬರ್ 30ರಂದು, ನಾರ್ಮಂಡಿಯ ಓತೈ ಹಳ್ಳಿಯ ಮನೆಯಲ್ಲಿ ಸಿಮೋನ್ ತೀರಿಕೊಂಡಳು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ವಯಸ್ಸು ಅರವತ್ತನಾಲ್ಕು. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. 1991ರಲ್ಲಿ ತೀರಿಕೊಂಡ ಮೊಂತಾನ್‌ನನ್ನೂ ಅಲ್ಲೇ, ಆಕೆಯ ಪಕ್ಕದಲ್ಲೇ ಇಟ್ಟರು.

ಇನ್ನೊಂದು ಸ್ವಾರಸ್ಯ. ಅಮೆರಿಕದ ಕಪ್ಪು ವರ್ಣೀಯ ಗಾಯಕಿ ನೀನಾ ಸಿಮೋನ್ ಹೆಸರು ಕೇಳಿರಬಹುದು. ಆ 'ಸಿಮೋನ್' ಬಂದದ್ದು ಈ ಸಿಮೋನ್‌ಳ ಮೇಲಿನ ಅಭಿಮಾನದಿಂದ.

ನಮಗೇನು ಬುತ್ತಿ?

ಸಿಮೋನ್ ಮಾಡಿದ್ದೆಲ್ಲ ಸರಿ ಅಂತಲ್ಲ. ಆದರೂ ಆಕೆಯ ಬದುಕಿನಿಂದ ಕಟ್ಟಿಕೊಳ್ಳಬಹುದಾದ ಬುತ್ತಿ ಸಾಕಷ್ಟಿದೆ.

• ಕಲಿತ ವಿದ್ಯೆ ಬಿಡಬೇಡಿ. ಚಿಕ್ಕಂದಿನಲ್ಲಿ ಕಲಿತ ಇಂಗ್ಲಿಷ್, ಪಾತ್ರಗಳು ಕಡಿಮೆಯಾದ ಹೊತ್ತಿನಲ್ಲಿ ಆಕೆಗೆ ಆಸ್ಕರ್ ತಂದಿತು. ಹೊಲಿಗೆಯೋ, ಸಂಗೀತವೋ, ಲೆಕ್ಕಪತ್ರವೋ, ನಿಮ್ಮ ಕೈಯಲ್ಲಿರುವುದಕ್ಕೆ ತುಕ್ಕು ಹಿಡಿಯಲು ಬಿಡಬೇಡಿ.

• ಗಂಡನ ಮೇಲೆ ಪ್ರೀತಿ ಇರಲಿ, ನಿಮ್ಮದೇ ಆದ ಕೆಲಸವೂ ಒಂದಿರಲಿ. ಮನೆ ಅಲುಗಾಡಿದ ದಿನ ಸಿಮೋನ್ ಕಾಲೂರಿ ನಿಂತದ್ದು ತನ್ನ ಕೆಲಸದ ಮೇಲೆ.

• ದಾಂಪತ್ಯದಲ್ಲಿ ಬಿರುಕು ಬಂದಾಗ ಇರಬೇಕೋ ಬಿಡಬೇಕೋ ಅನ್ನೋದು ನಿಮ್ಮ ತೀರ್ಮಾನ. ನೆರೆಹೊರೆಯವರದ್ದಲ್ಲ, ನೆಂಟರದ್ದೂ ಅಲ್ಲ. ಸಿಮೋನ್ ಉಳಿದಳು ಅಂತ ನೀವೂ ಸಹಿಸಬೇಕಿಲ್ಲ. ಅದು ಆಕೆಯ ಆಯ್ಕೆ.

• ನೋವನ್ನು ಒಳಗೇ ಕೊಳೆಯಲು ಬಿಡಬೇಡಿ. ಗೆಳತಿಯೊಡನೆಯೋ, ಆಪ್ತ ಸಲಹೆಗಾರರೊಡನೆಯೋ ಮಾತಾಡಿ. ಈ ವಿಷಯದಲ್ಲಿ ಮಾತ್ರ ಸಿಮೋನ್ ದಾರಿ ಬೇಡವೇ ಬೇಡ.

• ಮಕ್ಕಳು ಮನೆಯೊಳಗಿನವರ ಬಗ್ಗೆ ಏನಾದರೂ ಹೇಳಿದರೆ ಗದರಿ ಬಾಯಿ ಮುಚ್ಚಿಸಬೇಡಿ. ಕೂತು ಕೇಳಿ.

• ಕೂದಲಿಗೆ ಬಣ್ಣ ಹಚ್ಚುವುದು, ಬಿಡುವುದು ನಿಮ್ಮಿಷ್ಟ. ಆದರೆ ವಯಸ್ಸಾಯಿತು ಅನ್ನೋ ಕಾರಣಕ್ಕೆ ಯಾವುದನ್ನೂ ಬಿಡಬೇಡಿ. ಮೊದಲ ಪುಸ್ತಕ ಬರೆದಾಗ ಸಿಮೋನ್‌ಗೆ ಐವತ್ತೈದಾಗಿತ್ತು.

ಮಕ್ಕಳು ಶಾಲೆಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಸಿಗುವ ಎರಡು ಗಂಟೆಯಲ್ಲಿ 'ಮದಾಮ್ ರೋಸಾ' ಸಿಕ್ಕರೆ ಒಮ್ಮೆ ನೋಡಿ. ಆ ಮುಖದ ಒಂದೊಂದು ಗೆರೆಯೂ ಒಂದೊಂದು ಕಥೆ ಹೇಳುತ್ತದೆ.